ಹಾಸಿಗೆ ಬೆಳೆದರೂ ಚಾಚದ ಕಾಲು

ಮಿತವ್ಯಯವನ್ನು ಹೊಗಳುವವರ ಮಾತಿಗೆ ಮಾತ್ರ ಮಿತಿಯೆಂಬುದಿಲ್ಲ. ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ನಿವೃತ್ತರ ಬೀಳ್ಕೊಡುಗೆಯವರೆಗೆ ಯಾವ ಸಭೆಗೇ ಹೋಗಿರಿ, ಶಾಲು ಹೊದೆದ ಮಹನೀಯರೊಬ್ಬರು ಎದ್ದು ನಿಂತು, ನಮ್ಮ ಹಿರಿಯರು ಎಷ್ಟು ಕಡಮೆಯಲ್ಲಿ ಬದುಕಿದರು, ಒಂದು ಬೆಂಕಿಕಡ್ಡಿಯನ್ನು ಹೇಗೆ ಎರಡಾಗಿ ಸೀಳಿದರು, ಒಂದು ಬಿಂದಿಗೆ ನೀರಿನಲ್ಲಿ ಹೇಗೆ ದಿನ ಕಳೆದರು ಎಂಬುದನ್ನು ಅರ್ಧ ಗಂಟೆಗೆ ಕಡಮೆಯಿಲ್ಲದಂತೆ ವರ್ಣಿಸುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಆಮೇಲೆ ಮಹನೀಯರು ಕಾರು ಹತ್ತಿ ಮನೆಗೆ ಹೋಗುತ್ತಾರೆ. ಆ ಕಡ್ಡಿಯನ್ನು ಸೀಳಿದ ಬೆರಳು ಯಾರದು, ಆ ಬಿಂದಿಗೆಯನ್ನು ಸೇದಿ ಹೊತ್ತು ತಂದ ಸೊಂಟ ಯಾರದು ಎಂದು ಕೇಳುವ ಪದ್ಧತಿ ನಮ್ಮ ಸಭೆಗಳಲ್ಲಿ ಇಲ್ಲ. ಆ ಪ್ರಶ್ನೆಯನ್ನು ನಾನು ಇಲ್ಲಿ ಕೇಳಬೇಕೆಂದಿದ್ದೇನೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಕೆಲವು ಬಗೆಯ ಉಳಿತಾಯಗಳು ನನಗೆ ಸಾಕುಸಾಕಾಗಿವೆ. ಸವೆದು ಕಾಗದದಷ್ಟು ತೆಳ್ಳಗಾದ ಸಾಬೂನಿನ ಚೂರನ್ನು ಹೊಸ ಸಾಬೂನಿನ ಬೆನ್ನಿಗೆ ಅಂಟಿಸುವುದು. ಹಲ್ಲುಜ್ಜುವ ಪೇಸ್ಟಿನ ಕೊಳವೆಯನ್ನು ಲಟ್ಟಣಿಗೆಯಿಂದ ಲಟ್ಟಿಸಿ, ಅದೂ ಸಾಲದೆಂದು ಕತ್ತರಿಯಿಂದ ಹೊಟ್ಟೆ ಸೀಳಿ ಇನ್ನೂ ನಾಲ್ಕು ದಿನ ಎಳೆಯುವುದು. ಹಾಲಿನ ಪ್ಲಾಸ್ಟಿಕ್ ಚೀಲಗಳನ್ನು ತೊಳೆದು ಹಿತ್ತಲ ಹಗ್ಗಕ್ಕೆ ಬಾವುಟಗಳಂತೆ ತೂಗುಹಾಕುವುದು. ಓದುತ್ತಿರುವವನ ತಲೆಯ ಮೇಲಿನ ದೀಪವನ್ನು ‘ಇನ್ನೂ ಬೆಳಕಿದೆಯಲ್ಲ’ ಎಂದು ಆರಿಸುವುದು. ಹೊಸ ಪಾತ್ರೆಗಳನ್ನೆಲ್ಲ ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿ, ಬೆಸುಗೆ ಹಾಕಿದ ಹಳೆಯ ಪಾತ್ರೆಯಲ್ಲಿಯೇ ಸಾರು ಕುದಿಸುವುದು. ಇವುಗಳಲ್ಲಿ ಯಾವುದೂ ಪಾಪವಲ್ಲ. ಕೆಲವಂತೂ ಕೇಳುವುದಕ್ಕೆ ಚೆಂದ, ಭಾಷಣ ಮಾಡುವುದಕ್ಕೆ ಇನ್ನೂ ಚೆಂದ. ದಿನದಿನವೂ ಮಾಡುವುದಕ್ಕೆ ಚೆಂದವಲ್ಲ. ಇನ್ನೊಬ್ಬರ ಕೈಯಿಂದ ಮಾಡಿಸುವುದಕ್ಕಂತೂ ಖಂಡಿತ ಚೆಂದವಲ್ಲ.

ಇದು ಸಿರಿವಂತನ ತಾತ್ಸಾರವೆಂದು ಓದುಗರು ತಿಳಿಯಬಾರದು. ನಾನು ದೇವನಹಳ್ಳಿ ತಾಲ್ಲೂಕಿನ ಆವತಿಯವನು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ತಿಂಗಳ ಮೊದಲ ವಾರ ದೊರೆಯಾಗಿಯೂ ಕೊನೆಯ ವಾರ ಸಾಲಗಾರನಾಗಿಯೂ ಬದುಕುವವನು. ಬೆಂಗಳೂರಿನಿಂದ ಹೈದರಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ದೇವನಹಳ್ಳಿಯನ್ನು ದಾಟಿ ಚಿಕ್ಕಬಳ್ಳಾಪುರ ಮುಟ್ಟುವುದರೊಳಗೆ ನಮ್ಮ ಊರು ಸಿಗುತ್ತದೆ. ಊರಿಗೊಂದು ಬೆಟ್ಟ, ಅತ್ತ ಕಣ್ಣೆತ್ತಿದರೆ ನಂದಿಯ ದೊಡ್ಡ ಬೆಟ್ಟ. ಆ ಬೆಟ್ಟಸಾಲಿನಲ್ಲಿ ಅರ್ಕಾವತಿ ಹುಟ್ಟುತ್ತಾಳೆ, ಪಿನಾಕಿನಿ ಹುಟ್ಟುತ್ತಾಳೆ. ಹುಟ್ಟುವುದೇನೋ ಇಲ್ಲಿ, ತುಂಬಿ ಹರಿಯುವುದೆಲ್ಲ ಬೇರೆಯವರ ನಾಡಿನಲ್ಲಿ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಈ ಸೀಮೆಗಿಲ್ಲ. ಬಿದ್ದ ಮಳೆಯನ್ನು ಕೆರೆ ಕಟ್ಟಿ ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಂಥ ನೆಲದಲ್ಲಿ ಉಳಿತಾಯ ಎಂಬುದು ನೀತಿಪಾಠವಾಗಿ ಬಂದದ್ದಲ್ಲ, ಪ್ರಾಣಭಯದಿಂದ ಬಂದದ್ದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ ಉಳಿದವರು ಸುಮಾರು 42 ಲಕ್ಷ. ನಡುವೆ 1876ರಿಂದ 1878ರವರೆಗೆ ಹಾದುಹೋದದ್ದು ಮಹಾಕ್ಷಾಮ. ಆ ಕ್ಷಾಮವನ್ನು ಕಂಡವರ ಮೊಮ್ಮಕ್ಕಳು ನಮ್ಮ ಅಜ್ಜಿಯರನ್ನು ಸಾಕಿದರು. ನೆಲಕ್ಕೆ ಬಿದ್ದ ರಾಗಿಯ ಕಾಳನ್ನು ಸೆರಗಿನ ತುದಿಗೆ ಒತ್ತಿ ಎತ್ತಿಕೊಳ್ಳುವ ಅಭ್ಯಾಸ ಅವರಿಗೆ ಹೇಗೆ ಬಂತೆಂದು ಯಾರೂ ಕೇಳಬೇಕಾಗಿಲ್ಲ. ರಾಗಿಯನ್ನು ಹಗೇವಿಗೆ ತುಂಬಿ ಬಾಯಿ ಮುಚ್ಚಿದರೆ ಹುಳು ಮುಟ್ಟದೆ ವರ್ಷಗಟ್ಟಲೆ ಇರುತ್ತಿತ್ತು. ಎರಡು ಮಳೆ ಕೈಕೊಟ್ಟರೂ ಊರು ಉಸಿರಾಡುತ್ತಿತ್ತು. ಆ ಉಳಿತಾಯಕ್ಕೆ ನಾನು ಕೈಮುಗಿಯುತ್ತೇನೆ. ನನ್ನ ಜಗಳ ಅದರೊಡನೆ ಅಲ್ಲ.

ಒಂದು ಮಾತನ್ನು ಗಮನಿಸಬೇಕು. ಆ ಹಳೆಯ ಉಳಿತಾಯಕ್ಕೆ ಒಂದು ಉದ್ದೇಶವಿತ್ತು, ಒಂದು ಕೊನೆಯೂ ಇತ್ತು. ಹಗೇವಿಗೆ ರಾಗಿ ತುಂಬುತ್ತಿದ್ದುದು ಒಂದು ದಿನ ತೆಗೆದು ಉಣ್ಣುವುದಕ್ಕೆ. ಕೆರೆ ಕಟ್ಟುತ್ತಿದ್ದುದು ತೂಬು ಎತ್ತಿ ಗದ್ದೆಗೆ ಹಾಯಿಸುವುದಕ್ಕೆ. ನಮ್ಮ ಆವತಿಯ ಕಥೆಯನ್ನೇ ನೋಡಿ. ಐದಾರು ನೂರು ವರ್ಷಗಳ ಹಿಂದೆ ಕಂಚಿಯ ಕಡೆಯಿಂದ ಬಂಡಿಗಳ ಮೇಲೆ ಬಂದ ರಣಭೈರೇಗೌಡನೂ ಅವನ ಸೋದರರೂ ಇಲ್ಲಿ ನೆಲೆ ನಿಂತರೆಂದು ಐತಿಹ್ಯ. ಕೈಯಲ್ಲಿದ್ದುದನ್ನು ಬಂಡಿಯಲ್ಲಿ ಹೇರಿಕೊಂಡು ಊರು ಬಿಟ್ಟು ಬಂದವರು ಎಷ್ಟು ಬಿಗಿಹಿಡಿದು ಬದುಕಿರಬೇಕೆಂಬುದನ್ನು ಊಹಿಸಬಹುದು. ಆದರೆ ಆ ಮನೆತನದವರು ಬಿಗಿಹಿಡಿದೇ ಕುಳಿತಿರಲಿಲ್ಲ. ದೇವನಹಳ್ಳಿಯಲ್ಲಿ 1501ರಲ್ಲಿ ಕೋಟೆ ಎದ್ದದ್ದು ಆ ವಂಶದ ಮಲ್ಲಭೈರೇಗೌಡನಿಂದ. ಚಿಕ್ಕಬಳ್ಳಾಪುರ ಕಟ್ಟಿದವರು ಅವರು. ಯಲಹಂಕಕ್ಕೆ ಹೋದ ಕೊಂಬೆಯಲ್ಲಿ ಹುಟ್ಟಿದ ಕೆಂಪೇಗೌಡ 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿ, ಧರ್ಮಾಂಬುಧಿ ಕೆಂಪಾಂಬುಧಿಗಳೆಂಬ ಕೆರೆಗಳನ್ನು ತೋಡಿಸಿದ. ಉಳಿಸಿದರು, ಉಳಿಸಿದ್ದನ್ನು ಊರಿಗೆ ಸುರಿದರು. ಉಳಿಸುವುದನ್ನೇ ಉಳಿಸಿಕೊಂಡು ಕುಳಿತಿದ್ದರೆ ಇವತ್ತು ಬೆಂಗಳೂರೂ ಇರುತ್ತಿರಲಿಲ್ಲ, ಆವತಿಯ ಹೆಸರೂ ಇರುತ್ತಿರಲಿಲ್ಲ.

ಈಗಿನ ನಮ್ಮ ಮನೆಗಳಿಗೆ ಬನ್ನಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಅದಕ್ಕೆ ಮುಂಚೆಯೂ ಆಮೇಲೂ ಈ ಸೀಮೆಯ ನೆಲದ ಬೆಲೆ ಏರಿದ ಪರಿಯನ್ನು ನಾನು ಹೇಳಬೇಕಾಗಿಲ್ಲ. ಮಾಳಿಗೆಮನೆಗಳಿದ್ದ ಕಡೆ ಮೂರಂತಸ್ತುಗಳಾದವು. ಗಾಡಿ ನಿಲ್ಲುತ್ತಿದ್ದ ಜಗಲಿಯ ಮುಂದೆ ಕಾರುಗಳು ನಿಂತವು. ಎಲ್ಲರಿಗೂ ಈ ಭಾಗ್ಯ ಬಂದಿತೆಂದಲ್ಲ. ಬಂದ ಮನೆಗಳ ಮಾತನ್ನೇ ಹೇಳುತ್ತೇನೆ. ಆ ಮನೆಗಳ ಹಜಾರದಲ್ಲಿ ಗೋಡೆಯಷ್ಟು ದೊಡ್ಡ ಟೆಲಿವಿಷನ್ ಇದೆ. ಹಿತ್ತಲಲ್ಲಿ ಹಾಲಿನ ಚೀಲಗಳು ಒಣಗುತ್ತಲೇ ಇವೆ. ತೊಟ್ಟಿಯ ಬಳಿ ಒಬ್ಬಾಕೆ ಬೂದಿ ಮತ್ತು ತೆಂಗಿನ ನಾರಿನಿಂದ ಪಾತ್ರೆ ತಿಕ್ಕುತ್ತಲೇ ಇದ್ದಾಳೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ನಮ್ಮ ಗಾದೆ. ಒಳ್ಳೆಯ ಗಾದೆಯೇ. ಹಾಸಿಗೆ ಬೆಳೆದ ಮೇಲೂ ಕಾಲು ಮಡಿಸಿಯೇ ಮಲಗು ಎಂದು ಆ ಗಾದೆ ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಒಬ್ಬರು ಕಾಲು ಚಾಚುವುದಕ್ಕಾಗಿ ಇನ್ನೊಬ್ಬರು ನೆಲದ ಮೇಲೆ ಮಲಗು ಎಂದಂತೂ ಹೇಳುವುದಿಲ್ಲ.

ಉಳಿತಾಯದ ಲೆಕ್ಕವನ್ನು ನಾವು ಒಂದೇ ಕಲಮಿನಲ್ಲಿ ಬರೆಯುತ್ತೇವೆ. ಉಳಿದ ಕಾಸು ಎಷ್ಟು ಎಂಬುದೇ ಆ ಕಲಮು. ಆ ಕಾಸನ್ನು ಉಳಿಸುವುದಕ್ಕೆ ಯಾರ ಎಷ್ಟು ಹೊತ್ತು, ಯಾರ ಎಷ್ಟು ಬೆನ್ನು, ಯಾರ ಎಷ್ಟು ಕಣ್ಣು ಖರ್ಚಾಯಿತು ಎಂಬ ಇನ್ನೊಂದು ಕಲಮು ಖಾಲಿ. ಹಾಲಿನ ಚೀಲವನ್ನೇ ತೆಗೆದುಕೊಳ್ಳಿ. ದಿನಕ್ಕೆ ಎರಡು, ತಿಂಗಳಿಗೆ ಅರವತ್ತು. ಪ್ರತಿಯೊಂದನ್ನೂ ಕತ್ತರಿಸಿ, ತೊಳೆದು, ಒಣಗಿಸಿ, ಅಡುಕಿಟ್ಟು, ಹಳೆಯ ಪೇಪರಿನವನಿಗೆ ತೂಗಿಸಿ ಕೊಟ್ಟರೆ ಬರುವುದು ಒಂದು ಲೋಟ ಕಾಫಿಯ ಹಣವೂ ಅಲ್ಲ. ತೊಳೆದ ನೀರಿನ ಬೆಲೆ ಅದರಲ್ಲಿ ಸೇರಿಲ್ಲ. ತೊಳೆದವಳ ಬೆಲೆಯನ್ನಂತೂ ಕೇಳುವವರೇ ಇಲ್ಲ. ನಮ್ಮ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು 2019ರಲ್ಲಿ ಸರ್ಕಾರವೇ ಒಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾರೆ. ಕೈಹಾಕುವ ಗಂಡಸರು 97 ನಿಮಿಷ. ಗಂಡಸರಲ್ಲಿ ಹೆಚ್ಚಿನವರು ಕೈಯನ್ನೇ ಹಾಕುವುದಿಲ್ಲವೆಂಬುದು ಬೇರೆ ಮಾತು. ಇಷ್ಟರ ಮೇಲೆ ಮನೆಯ ಯಜಮಾನರು ‘ನಮ್ಮದು ಬಹಳ ಸರಳ ಜೀವನ’ ಎಂದು ಹೇಳಿಕೊಂಡರೆ, ಆ ಸರಳತೆಯ ಜಟಿಲವಾದ ಭಾಗ ಯಾರ ಪಾಲಿಗೆ ಬಂದಿದೆಯೆಂದು ಕೇಳಬೇಕಾಗುತ್ತದೆ.

ಎಲ್ಲ ಉಳಿತಾಯಗಳಲ್ಲಿ ನನಗೆ ಸಹಿಸಲಾಗದ್ದು ಅನ್ನದ ಉಳಿತಾಯ. ಅನ್ನವನ್ನು ಚೆಲ್ಲಬಾರದೆಂಬುದು ಸರಿ. ಆದರೆ ಚೆಲ್ಲದಿರುವ ಉಪಾಯವೇನು? ಮನೆಯ ಹೆಂಗಸು ಎಲ್ಲರಿಗೂ ಬಡಿಸಿ, ಕೊನೆಗೆ ಕುಳಿತು, ಉಳಿದದ್ದನ್ನು ತಿನ್ನುವುದು. ಉಳಿಯದಿದ್ದರೆ ಮಜ್ಜಿಗೆ ಕುಡಿದು ಏಳುವುದು. ಹೆಚ್ಚು ಉಳಿದರೆ ಮಾರನೆಯ ಬೆಳಗ್ಗೆ ಬಿಸಿ ಉಪ್ಪಿಟ್ಟು ಮಕ್ಕಳಿಗೆ, ತಂಗಳು ಆಕೆಗೆ. ಅಂದರೆ ಮನೆಯ ಲೆಕ್ಕದಲ್ಲಿ ಸಾಕುನಾಯಿಯ ಪಾತ್ರೆಗೂ ಆಕೆಯ ತಟ್ಟೆಗೂ ಒಂದೇ ಸಾಲು. 1965ರಲ್ಲಿ ದೇಶಕ್ಕೆ ಧಾನ್ಯದ ಅಭಾವ ಒದಗಿದಾಗ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ಜನರನ್ನು ಕೇಳಿಕೊಂಡರು. ಸೋಮವಾರದ ರಾತ್ರಿ ಒಲೆ ಹಚ್ಚದ ಮನೆಗಳು ಎಷ್ಟೋ. ಅದು ದೊಡ್ಡ ಮಾತು. ಕೇಳಿದವರು ತಾವೂ ಬಿಟ್ಟು ಕೇಳಿದರು. ಆದರೆ ನಮ್ಮ ಹಳ್ಳಿಗಳ ಹೆಂಗಸರಿಗೆ ಆ ಕರೆಯಲ್ಲಿ ಹೊಸದೇನೂ ಕಾಣಿಸಿರಲಾರದು. ಶನಿವಾರ, ಏಕಾದಶಿ, ಸಂಕಷ್ಟಿ ಎಂಬ ಹೆಸರುಗಳಲ್ಲಿ ಅವರು ಆಗಲೇ ಒಪ್ಪತ್ತು ಉಂಡು ರೂಢಿಯಾದವರು. ಗಂಡಸರು ದೇಶಕ್ಕಾಗಿ ಒಂದು ಹೊತ್ತು ಬಿಟ್ಟದ್ದು ಪತ್ರಿಕೆಯಲ್ಲಿ ಬಂತು.

ಇದರ ಫಲ ಏನೆಂಬುದೂ ಅಚ್ಚಾಗಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಗಂಡಸರಲ್ಲಿ ಅದು ಐದರಲ್ಲೊಬ್ಬರಿಗೆ. ರಕ್ತಹೀನತೆಗೆ ಕಾರಣಗಳು ಹಲವಿವೆ, ಬಲ್ಲೆ. ಆದರೆ ಕೊನೆಯಲ್ಲಿ ಉಣ್ಣುವವಳ ತಟ್ಟೆಯಲ್ಲಿ ಸೊಪ್ಪು ಮುಗಿದಿರುತ್ತದೆ, ಕಾಳು ಮುಗಿದಿರುತ್ತದೆ, ತಿಳಿಸಾರಷ್ಟೇ ಇರುತ್ತದೆಂಬುದನ್ನು ತಿಳಿಯುವುದಕ್ಕೆ ವೈದ್ಯಕೀಯ ಓದಬೇಕಾಗಿಲ್ಲ. ಒಂದೇ ಮನೆಯ ಒಂದೇ ಒಲೆಯ ಅಡುಗೆ ಒಬ್ಬರ ಮೈಗೆ ರಕ್ತವಾಗಿ, ಇನ್ನೊಬ್ಬರ ಹೆಸರಿಗೆ ತ್ಯಾಗವಾಗಿ ಹಂಚಿಹೋಗುತ್ತದೆ.

ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ನನ್ನ ತಾಯಿಗೆ ಕಣ್ಣಿನಲ್ಲಿ ಪೊರೆ ಬೆಳೆಯಿತು. ಅಕ್ಕಿಯ ಕಲ್ಲನ್ನು ಕಣ್ಣಿನಿಂದ ಆರಿಸುತ್ತಿದ್ದವರು ಬೆರಳಿನಿಂದ ಆರಿಸತೊಡಗಿದರು. ಆಸ್ಪತ್ರೆಗೆ ಹೋಗೋಣವೆಂದರೆ ‘ಸುಮ್ಮನೆ ಯಾಕೆ ದುಡ್ಡು?’ ಎಂಬ ಉತ್ತರ. ಪೊರೆ ತೆಗೆಯುವುದಕ್ಕೆ ದುಡ್ಡು ಬೇಕಾಗಿಲ್ಲ, 1976ರಿಂದ ಸರ್ಕಾರದ ಅಂಧತ್ವ ನಿವಾರಣಾ ಕಾರ್ಯಕ್ರಮವೇ ನಡೆಯುತ್ತಿದೆಯೆಂದು ವಿವರಿಸಿದೆವು. ‘ಬಸ್ಸಿಗೆ ಹೋಗಿಬರುವ ಖರ್ಚು?’ ಎಂದರು. 2023ರ ಜೂನ್ ತಿಂಗಳಿನಿಂದ ಕರ್ನಾಟಕದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟೂ ಬೇಡವಾಯಿತು. ಆಗ ಇನ್ನು ಯಾವ ಉಳಿತಾಯದ ನೆಪವೂ ಉಳಿಯಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ನಿಜವಾದ ಮಾತು: ‘ನಾನು ಹೋಗಿ ಮಲಗಿಕೊಂಡರೆ ಮನೆಯಲ್ಲಿ ಮುದ್ದೆ ತಿರುವುವವರು ಯಾರು?’ ಓದುಗರು ಈ ಮಾತನ್ನು ಎರಡು ಸಲ ಓದಬೇಕೆಂದು ಕೋರುತ್ತೇನೆ. ಅಷ್ಟು ದಿನ ಉಳಿಸುತ್ತಿದ್ದುದು ಹಣವನ್ನಲ್ಲ. ಹಣಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. ಉಳಿಸುತ್ತಿದ್ದುದು ಮಿಕ್ಕವರ ಅನುಕೂಲವನ್ನು, ತನ್ನ ಕಣ್ಣನ್ನು ಖರ್ಚುಮಾಡಿ. ಶಸ್ತ್ರಚಿಕಿತ್ಸೆ ಆಯಿತು, ಕಣ್ಣು ಬಂತು, ಆ ವಾರ ಮುದ್ದೆಯನ್ನು ಬೇರೆ ಕೈಗಳು ತಿರುವಿದವು, ಆಕಾಶ ಕಳಚಿ ಬೀಳಲಿಲ್ಲ. ಆದರೆ ಇಂಥ ಎಷ್ಟು ಮನೆಗಳಲ್ಲಿ ಎಷ್ಟು ಕಣ್ಣುಗಳು, ಎಷ್ಟು ಮಂಡಿಗಳು, ಎಷ್ಟು ಹಲ್ಲುಗಳು ‘ಬೇಸಿಗೆ ಕಳೆಯಲಿ’, ‘ಸುಗ್ಗಿ ಮುಗಿಯಲಿ’ ಎಂಬ ಮಾತಿನ ಮೇಲೆ ಅಡವಿರುತ್ತವೆ!

ಇಲ್ಲಿ ಒಬ್ಬ ಮಿತ್ರರು ಎದ್ದು, ‘ನೀವು ನಮ್ಮ ಸಂಸ್ಕೃತಿಯನ್ನೇ ಹಳಿಯುತ್ತಿದ್ದೀರಿ’ ಎನ್ನಬಹುದು. ಸಂಸ್ಕೃತಿಯ ಮಾತು ಬಂದರೆ ಕನ್ನಡದ ಮೇಷ್ಟರು ಹಿಂದೆಗೆಯಬಾರದು. ಪುರಂದರದಾಸರ ಕಥೆ ನಮಗೆಲ್ಲ ಗೊತ್ತು. ದಾಸರಾಗುವುದಕ್ಕೆ ಮುಂಚೆ ಅವರು ಶ್ರೀನಿವಾಸ ನಾಯಕ, ಕಡು ಜಿಪುಣ. ಬೇಡಲು ಬಂದ ಬ್ರಾಹ್ಮಣನಿಗೆ ಅವರು ಕಾಸು ಬಿಚ್ಚಲಿಲ್ಲ. ಮಡದಿ ತನ್ನ ಮೂಗುತಿಯನ್ನು ತೆಗೆದುಕೊಟ್ಟಳು. ಆ ಮೂಗುತಿಯೇ ಅವರ ಅಂಗಡಿಗೆ ಅಡವಿಗೆ ಬಂದು ಕಣ್ಣು ತೆರೆಯಿಸಿತು. ಈ ಕಥೆಯನ್ನು ಹರಿಕಥೆಗಳಲ್ಲಿ ಭಕ್ತಿಯ ಮಹಿಮೆಗಾಗಿ ಹೇಳುತ್ತಾರೆ, ಹೇಳಲಿ. ಆದರೆ ಅದರೊಳಗೆ ಒಂದು ಲೌಕಿಕ ಸತ್ಯವೂ ಕುಳಿತಿದೆ. ಅಷ್ಟು ಸಿರಿವಂತನ ಮನೆಯಲ್ಲಿ ಕೊಡುವುದಕ್ಕೆ ಆಕೆಗೆ ತನ್ನದೆಂದು ಇದ್ದದ್ದು ಮೂಗಿನ ಮೇಲಿನ ಒಡವೆ ಒಂದೇ. ಮಿಕ್ಕದ್ದೆಲ್ಲ ಯಜಮಾನನ ಉಳಿತಾಯ.

ಇದರ ಎದುರಿಗೆ ಆಯ್ದಕ್ಕಿ ಲಕ್ಕಮ್ಮನನ್ನು ನಿಲ್ಲಿಸಿ ನೋಡಿ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ನಾಳೆಗೆ ಎತ್ತಿಡಲಿಲ್ಲ; ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದಳು. ಮಿತವೆಂದರೆ ಇದು. ಇಲ್ಲಿ ಎಷ್ಟು ಸಾಕೆಂದು ತೀರ್ಮಾನಿಸಿದವಳು ಅಡುಗೆ ಮಾಡುವವಳು. ಹೊಟ್ಟೆಗೆ ಸಾಲುವಷ್ಟು ಬೇಡವೆಂದು ಆಕೆ ಹೇಳಲಿಲ್ಲ; ಸಾಲುವುದಕ್ಕಿಂತ ಹೆಚ್ಚು ಬೇಡವೆಂದಳು. ನಮ್ಮ ಈಗಿನ ಮನೆಗಳ ಉಳಿತಾಯ ಲಕ್ಕಮ್ಮನ ಹೆಸರು ಹೇಳುತ್ತದೆ, ಶ್ರೀನಿವಾಸ ನಾಯಕನ ಪೆಟ್ಟಿಗೆಯನ್ನು ತುಂಬುತ್ತದೆ.

ಆ ಪೆಟ್ಟಿಗೆ ಎಲ್ಲಿ ಬರಿದಾಗುತ್ತದೆಂಬುದನ್ನೂ ನೋಡಬೇಕು. ಸಾಬೂನಿನ ಚೂರನ್ನು ಅಂಟಿಸುವ ಮನೆಯೇ ಮದುವೆ ಬಂದರೆ ಸಾವಿರ ಜನಕ್ಕೆ ಹದಿನೆಂಟು ಬಗೆಯ ಪದಾರ್ಥ ಬಡಿಸಿ, ಅದರಲ್ಲಿ ಎಂಟು ಬಗೆಯನ್ನು ಎಲೆಯೊಡನೆ ತಿಪ್ಪೆಗೆ ಸುತ್ತಿ ಎಸೆಯುತ್ತದೆ. ಹೆದ್ದಾರಿಯ ಬದಿಗೆ ಆಳೆತ್ತರದ ಶುಭಾಶಯ ಫಲಕಗಳನ್ನು ನಿಲ್ಲಿಸುತ್ತದೆ. ಅಟ್ಟದ ಪಾತ್ರೆಗಳು ವರ್ಷಕ್ಕೊಮ್ಮೆ ಇಳಿಯುವುದು ನೆಂಟರ ಕಣ್ಣಿಗೆ ಬೀಳುವುದಕ್ಕೆ. ಅಂದರೆ ನಾಲ್ಕು ಜನ ನೋಡುವ ಕಡೆ ಧಾರಾಳ. ಯಾರೂ ನೋಡದ ಅಡುಗೆಮನೆಯಲ್ಲಿ ಮಿತವ್ಯಯ. ಒಂದನ್ನು ಯಜಮಾನರು ಮಾಡುತ್ತಾರೆ, ಇನ್ನೊಂದನ್ನು ಯಜಮಾನಿತಿ ಮಾಡುತ್ತಾಳೆ. ಒಂದಕ್ಕೆ ಪ್ರತಿಷ್ಠೆ ಎಂದು ಹೆಸರು, ಇನ್ನೊಂದಕ್ಕೆ ಗೃಹಿಣಿಯ ಜಾಣತನ ಎಂದು ಹೆಸರು. ಇಂಥ ಉಳಿತಾಯದಿಂದ ಮನೆಯೊಂದು ಮುಂದೆ ಬಂದ ಉದಾಹರಣೆ ಯಾರಾದರೂ ತೋರಿಸಿದರೆ ನಾನು ಈ ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ‘ಜಗತ್ತೇ ಕಸದಲ್ಲಿ ಮುಳುಗುತ್ತಿದೆ, ನೀರು ಬತ್ತುತ್ತಿದೆ, ಇಂಥ ಹೊತ್ತಿನಲ್ಲಿ ಮಿತವ್ಯಯಕ್ಕೆ ದಣಿದೆನೆನ್ನುವುದು ಸರಿಯೇ?’ ಎಂಬುದು ಅದು. ನಾನು ನೀರಿನ ಬರವನ್ನು ಪುಸ್ತಕದಲ್ಲಿ ಓದಿದವನಲ್ಲ. ನಮ್ಮ ಕಡೆ ಕೊಳವೆಬಾವಿಗಳು ಸಾವಿರ ಅಡಿಯ ಕೆಳಗೆ ಹೋಗಿ ತಡಕಾಡುತ್ತವೆ. ಆದುದರಿಂದಲೇ ಕೇಳುತ್ತೇನೆ: ಅಕ್ಕಿ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ, ಬಟ್ಟೆ ಒಗೆದ ನೀರನ್ನು ಬಚ್ಚಲಿಗೆ ಬಕೀಟಿನಲ್ಲಿ ಹೊತ್ತು ಹಾಕುವ ಆ ಹೆಂಗಸು ದಿನಕ್ಕೆ ಎಷ್ಟು ನೀರು ಉಳಿಸಿಯಾಳು? ಮೂರು ಬಕೀಟು, ನಾಲ್ಕು ಬಕೀಟು. ಅದೇ ಹೊತ್ತಿಗೆ ಹೂಳು ತುಂಬಿದ ಕೆರೆ ಎಷ್ಟು ಮಳೆಯನ್ನು ಹಾಗೆಯೇ ಹರಿಯಬಿಟ್ಟಿತು? ಮುಚ್ಚಿಹೋದ ರಾಜಕಾಲುವೆ ಎಷ್ಟನ್ನು ಕಳೆಯಿತು? ನಂದಿಯ ತಪ್ಪಲಿನಲ್ಲಿ ಗಾಲ್ಫ್ ಆಟದ ಹುಲ್ಲು ಹಸಿರಾಗಿರುವುದಕ್ಕೆ ಎಷ್ಟು ಬೇಕು? ಇವುಗಳ ಲೆಕ್ಕವನ್ನು ಯಾರೂ ಆಕೆಗೆ ಒಪ್ಪಿಸುವುದಿಲ್ಲ. ಬಕೀಟಿನ ಲೆಕ್ಕವನ್ನು ಮಾತ್ರ ಎಲ್ಲರೂ ಆಕೆಯಿಂದ ಕೇಳುತ್ತಾರೆ.

ನಮ್ಮ ಸೀಮೆಗೇ ಈಗ ಮನೆಯ ಹೆಂಗಸಿನ ಪಾಡು ಬಂದಿದೆಯೆಂದರೆ ಅತಿಶಯವಲ್ಲ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ, ದಿನಕ್ಕೆ 21 ಕೋಟಿ ಲೀಟರಿನಂತೆ, ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರದ ಕಡೆಯ 65 ಕೆರೆಗಳಿಗೆ ಹಾಯಿಸುವ ಯೋಜನೆಯಿದೆ. ನೀರು ಬೇಡವೆನ್ನುವವನು ನಾನಲ್ಲ. ಬತ್ತಿದ ಕೆರೆ ತುಂಬಿದರೆ ಯಾವ ರೈತನ ಕಣ್ಣು ತಂಪಾಗದು? ಆದರೆ ಎರಡು ಹಂತದಲ್ಲಿ ಶುದ್ಧೀಕರಿಸಿದರೆ ಸಾಲದು, ಮೂರನೆಯ ಹಂತವೂ ಆಗಲಿ ಎಂದು ಇಲ್ಲಿಯ ನೀರಾವರಿ ಹೋರಾಟಗಾರರು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಆ ಮೂರನೆಯ ಹಂತದ ಖರ್ಚು ಉಳಿಯಿತು. ಯಾರ ಮೇಲೆ ಉಳಿಯಿತು? ಕೊನೆಯ ಪಂಕ್ತಿಯಲ್ಲಿ ಕುಳಿತವರ ಮೇಲೆ. ನಗರ ಕಾವೇರಿಯನ್ನು ಉಂಡು ಕೈತೊಳೆದ ನೀರು ನಮ್ಮ ತಟ್ಟೆಗೆ. ಅದಕ್ಕೂ ಕೃತಜ್ಞತೆ ಹೇಳಬೇಕೆಂದು ಮೇಲೊಂದು ಉಪದೇಶ. ಅಡುಗೆಮನೆಯ ನ್ಯಾಯವೇ ಕೆರೆಯ ದಂಡೆಗೂ ಬಂದಿದೆ. ಉಳಿತಾಯ ಎಂಬ ಮಾತು ಕಿವಿಗೆ ಬಿದ್ದೊಡನೆ, ಇದರಲ್ಲಿ ಕೊನೆಗೆ ಉಣ್ಣುವವರು ಯಾರು ಎಂದು ಕೇಳುವ ಅಭ್ಯಾಸವನ್ನು ನಾವು ಮನೆಯಲ್ಲಿಯೇ ಕಲಿತಿದ್ದರೆ ಹೊರಗೂ ಕೇಳುತ್ತಿದ್ದೆವು.

ನಿಜವಾದ ಮಿತವ್ಯಯಿಗಳು ಈ ಸೀಮೆಯಲ್ಲಿ ಇರಲಿಲ್ಲವೆಂದಲ್ಲ. ಆವತಿಗೆ ದೂರವಲ್ಲದ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರನ್ನು ನೆನೆಯಿರಿ. ಸರ್ಕಾರದ ಕೆಲಸಕ್ಕೆ ಸರ್ಕಾರದ ಮೋಂಬತ್ತಿ, ಸ್ವಂತದ ಕೆಲಸಕ್ಕೆ ಸ್ವಂತದ ಮೋಂಬತ್ತಿ ಹಚ್ಚುತ್ತಿದ್ದರೆಂಬ ಕಥೆ ಮಕ್ಕಳಿಗೂ ಬಾಯಿಪಾಠ. ಮೋಂಬತ್ತಿಯ ಕಥೆ ನಮಗೆ ಇಷ್ಟವಾಯಿತು. ಅವರು ಉಳಿಸಿದ ದೊಡ್ಡ ದೊಡ್ಡ ವಸ್ತುಗಳು ನೆನಪಿನಲ್ಲಿ ಉಳಿಯಲಿಲ್ಲ. ಮುಂಬಯಿ ಪ್ರಾಂತದಲ್ಲಿ ಎಂಜಿನಿಯರಾಗಿದ್ದಾಗ ಕಾಲುವೆಯ ನೀರು ಪೋಲಾಗದಂತೆ ಸರದಿಯ ಮೇಲೆ ಹಂಚುವ ಬ್ಲಾಕ್ ಪದ್ಧತಿಯನ್ನು ರೂಪಿಸಿದರು. 1903ರಲ್ಲಿ ಪುಣೆಯ ಬಳಿ ಖಡಕವಾಸ್ಲಾ ಜಲಾಶಯಕ್ಕೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಇರಿಸಿ, ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಿದರು. ಯಾವ ಮನೆಯ ಹೆಂಗಸಿನ ಬಕೀಟನ್ನೂ ಅವರು ಕಿತ್ತುಕೊಳ್ಳಲಿಲ್ಲ. ಊರಿನ ಉಳಿತಾಯವನ್ನು ಊರಿನ ಬಾಗಿಲಿನಲ್ಲಿ ಮಾಡಿದರು.

ಗಾಂಧೀಜಿಯವರೂ ನಮ್ಮ ನೆರೆಗೆ ಬಂದಿದ್ದವರೇ. 1927ರ ಬೇಸಿಗೆಯಲ್ಲಿ ದೇಹಸ್ಥಿತಿ ಕೆಟ್ಟಾಗ ನಂದಿಬೆಟ್ಟದಲ್ಲಿ ವಾರಗಟ್ಟಲೆ ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೆ ಬಂದರು. ಬಳಸಿದ ಲಕೋಟೆಯ ಬೆನ್ನಿನಲ್ಲಿ ಬರೆಯುತ್ತಿದ್ದ ಆ ಮಹಾತ್ಮರನ್ನು ಬಡತನದಲ್ಲಿ ಇಡುವುದಕ್ಕೆ ಎಷ್ಟು ಖರ್ಚಾಗುತ್ತದೆ ಗೊತ್ತೇ ಎಂದು ಸರೋಜಿನಿ ನಾಯಿಡು ಅವರು ನಗೆಯಾಡಿದ್ದು ಪ್ರಸಿದ್ಧ. ಆ ನಗೆಯಲ್ಲಿ ಅಗೌರವವಿರಲಿಲ್ಲ, ಲೆಕ್ಕವಿತ್ತು. ಗಾಂಧೀಜಿಯವರು ತಮ್ಮ ಸರಳತೆಯನ್ನು ತಾವೇ ಆರಿಸಿಕೊಂಡರು. ದಣಿದಾಗ ಬೆಟ್ಟದ ತಂಪಿಗೆ ಬಂದು ವಿಶ್ರಾಂತಿ ತೆಗೆದುಕೊಂಡರು, ಸರಿಯಾಗಿಯೇ ಮಾಡಿದರು. ತಾನು ಆರಿಸಿಕೊಳ್ಳದ ಸರಳತೆಯಲ್ಲಿ ದಣಿದ ಹೆಂಗಸಿಗೆ ಯಾವ ನಂದಿಬೆಟ್ಟ?

ಹಾಗಾದರೆ ಏನು ಮಾಡಬೇಕೆಂದು ಕೇಳುವಿರಿ. ದುಂದುಗಾರರಾಗಿ ಎಂದು ನಾನು ಹೇಳುವುದಿಲ್ಲ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬುದೂ ನಮ್ಮದೇ ಗಾದೆ. ನೆಲ ಮಾರಿದ ದುಡ್ಡು ಎಷ್ಟು ಬೇಗ ಕರಗುತ್ತದೆಂಬುದನ್ನು ಈ ಸೀಮೆ ಕಣ್ಣಾರೆ ಕಂಡಿದೆ. ನಾನು ಕೇಳುವುದು ಕೆಲವೇ ಕಟ್ಟುಪಾಡುಗಳನ್ನು. ಯಾರು ಉಳಿಸಬೇಕೋ ಅವರೇ ತೀರ್ಮಾನಿಸಲಿ. ಕೂತವರು ತೀರ್ಮಾನಿಸಿ ನಿಂತವರು ಉಳಿಸುವುದು ಬೇಡ. ಉಳಿದ ಕಾಸಿನ ಪಕ್ಕದಲ್ಲಿ ಖರ್ಚಾದ ಹೊತ್ತನ್ನೂ ಬರೆಯಲಿ. ಅನ್ನ, ನಿದ್ದೆ, ಕನ್ನಡಕ, ಔಷಧಿ, ಕಾಲಿಗೆ ಸರಿಯಾದ ಚಪ್ಪಲಿ, ಇವುಗಳಲ್ಲಿ ಉಳಿಸುವುದನ್ನು ಮನೆಯ ನಷ್ಟವೆಂದೇ ಎಣಿಸಲಿ. ಉಳಿದ ತಂಗಳು ಇದ್ದರೆ ಎಲ್ಲರ ತಟ್ಟೆಗೂ ಒಂದೊಂದು ತುತ್ತು ಬೀಳಲಿ, ಯಜಮಾನರಿಂದಲೇ ಮೊದಲಾಗಲಿ. ಆಗ ಅಳತೆಗೆ ಸರಿಯಾಗಿ ಅಕ್ಕಿ ಹಾಕುವ ವಿದ್ಯೆ ಮನೆಯಲ್ಲಿ ಎಷ್ಟು ಬೇಗ ಬೆಳೆಯುತ್ತದೆಂಬುದನ್ನು ನೋಡಬಹುದು. ಹಾಲಿನ ಚೀಲವನ್ನು ತೊಳೆಯಲೇಬೇಕೆಂದರೆ ಹಾಲು ಕುಡಿದವರು ಸರದಿಯ ಮೇಲೆ ತೊಳೆಯಲಿ. ವೇದಿಕೆಯ ಮೇಲೆ ಸರಳತೆಯನ್ನು ಹೊಗಳುವ ಮಹನೀಯರು ಮುಂದಿನ ಭಾಷಣಕ್ಕೆ ಮುಂಚೆ ಒಂದು ವಾರ ತಮ್ಮ ಮನೆಯಲ್ಲಿ ಕೊನೆಗೆ ಕುಳಿತು ಉಣ್ಣಲಿ.

ದಣಿವು ಎಂಬುದು ನಾಚಿಕೆಯ ಮಾತಲ್ಲ. ನೂರೈವತ್ತು ವರ್ಷಗಳ ಹಿಂದಿನ ಕ್ಷಾಮದ ಭಯವನ್ನು ಇನ್ನೂ ಹೊತ್ತು ನಡೆಯುತ್ತಿರುವ ಕೈಗಳಿಗೆ ‘ಇನ್ನು ಇಳಿಸಬಹುದು’ ಎಂದು ಹೇಳುವವರು ಬೇಕು. ಹಗೇವಿನ ಬಾಯಿ ತೆರೆದು ರಾಗಿ ತೆಗೆಯುವ ದಿನ ಬಂದರೂ ಇನ್ನಷ್ಟು ಕಾಲ ಮುಚ್ಚಿಯೇ ಇಟ್ಟರೆ ಅದಕ್ಕೆ ಮಿತವ್ಯಯವೆಂದು ಯಾರೂ ಅನ್ನುವುದಿಲ್ಲ. ಅಟ್ಟದ ಮೇಲಿನ ಆ ಪಾತ್ರೆಗಳನ್ನು ಕೆಳಗಿಳಿಸಿ. ಹೊಸ ತಟ್ಟೆಯಲ್ಲಿ ಬಿಸಿ ಮುದ್ದೆಯನ್ನು ಮೊದಲು ಬಡಿಸಬೇಕಾದದ್ದು ಇಷ್ಟು ವರ್ಷ ಕೊನೆಗೆ ಉಂಡವರಿಗೆ.